ಓನರ್ ಏನೂ ಮುಟ್ಟಿಲ್ಲ

ನನ್ನ ಕಾರು ಈಗ ಚೆನ್ನಾಗಿ ಓಡುತ್ತಿದೆ. ಸಿಗ್ನಲ್ಲಿನಲ್ಲಿ ನಿಂತರೆ ಇಂಜಿನ್ ಇದೆಯೋ ಇಲ್ಲವೋ ಅನ್ನುವಷ್ಟು ಸದ್ದಿಲ್ಲ. ಬೇರೆಯವರಿಗಾದರೆ ಇದು ಸಮಾಧಾನದ ಸಂಗತಿ. ನನಗೆ ಮಾತ್ರ ಮಾಗಡಿ ರಸ್ತೆಯ ಟೋಲ್‌ಗೇಟ್ ಸಿಗ್ನಲ್ಲಿನಲ್ಲಿ ದಿನಾ ಆ ಸದ್ದಿಲ್ಲದ ಎರಡು ನಿಮಿಷ ಕಳೆಯುವುದು ಕಷ್ಟ. ಈ ಕಾರನ್ನು ಸರಿ ಮಾಡಿದವರು ಹೋದ ತಿಂಗಳು ತೀರಿಕೊಂಡರು. ಕೆಡಿಸಿದವನು ನಾನು. ಈ ಎರಡರ ಮಧ್ಯೆ ಇನ್ನೊಂದು ಕೆಟ್ಟಿತು. ಅದರ ವಿಷಯ ಹೇಳದೆ ಅವರ ವಿಷಯ ಬರೆಯಲು ಕೂತರೆ ಮತ್ತೆ ಸುಳ್ಳು ಬರೆದಂತಾಗುತ್ತದೆ.

ಮಾರೇನಹಳ್ಳಿಯ ಆ ಅಡ್ಡರಸ್ತೆಯಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೆಕ್ಯಾನಿಕ್‌ಗೆ ಈ ಹೆಸರು ಬರಲು ಕಾರಣ, ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ ಅವರ ಕಿವಿಯ ಮೇಲೆ ಸದಾ ಇರುತ್ತಿದ್ದ ಒಂದು ತುಂಡು ಚಾಕ್‌ಪೀಸ್. ಗಾಡಿ ಬಂದು ನಿಂತ ಕೂಡಲೇ ಬಾನೆಟ್ ಎತ್ತುತ್ತಿರಲಿಲ್ಲ. ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಚಾಕ್‌ಪೀಸ್ ತೆಗೆದು, "ಹೇಳಿ ಸಾರ್. ಮೊದ್ಲಿಂದ ಹೇಳಿ" ಅನ್ನುತ್ತಿದ್ದರು. ನಾವು ಹೇಳಿದ್ದನ್ನು ಸಿಮೆಂಟ್ ನೆಲದ ಮೇಲೆ ನಮ್ಮ ಮಾತಿನಲ್ಲೇ ಬರೆದುಕೊಳ್ಳುತ್ತಿದ್ದರು. 'ಬೆಳಿಗ್ಗೆ ಕೆಮ್ಮುತ್ತೆ.' 'ಎ.ಸಿ. ಹಾಕಿದ್ರೆ ಮುನಿಸ್ಕೊಳ್ಳುತ್ತೆ.' 'ಹೆಂಡ್ತಿ ಓಡಿಸಿದ್ರೆ ಏನೂ ಆಗಲ್ಲ.' ಕೊನೆಗೆ ಒಂದೇ ಪ್ರಶ್ನೆ: "ಒಳಗೆ ಏನಾದ್ರೂ ಮುಟ್ಟಿದೀರಾ?" ಆ ಉತ್ತರದ ಕೆಳಗೆ ಗೆರೆ ಎಳೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಗೋಣಿಚೀಲ ಒದ್ದೆ ಮಾಡಿ ತಾವೇ ಒರೆಸುತ್ತಿದ್ದರು.

ಅವರ ಹತ್ತಿರ ಸ್ಕ್ಯಾನರ್ ಇರಲಿಲ್ಲ ಅಂತಲ್ಲ. ಇತ್ತು. ಅದನ್ನು ಕಾರಿಗೆ ಸಿಕ್ಕಿಸಿ, ಬಂದ ನಂಬರ್ ನೋಡಿ, ಪಕ್ಕಕ್ಕಿಡುತ್ತಿದ್ದರು. "ಇದು ಠಾಣೇಲಿ ದೂರು ಬರ್ಕೊಳ್ಳೋ ಪೇದೆ ಇದ್ದಂಗೆ ಸಾರ್. ಬರ್ಕೊಳ್ಳುತ್ತೆ, ಅಷ್ಟೇ. ಕಳ್ಳನ್ನ ನಾವೇ ಹುಡುಕ್ಬೇಕು."

ಹುಡುಕುವುದರಲ್ಲಿ ಅವರಿಗೆ ಅತಿ ಇಷ್ಟವಾದದ್ದು ಗಾಳಿಯ ತೊಂದರೆ. ಇಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರಿಗೆ ಅವರು ಇಟ್ಟಿದ್ದ ಹೆಸರು ಮೂಗು. ಏರ್ ಫಿಲ್ಟರಿನ ಡಬ್ಬ ದಾಟಿದ ಮೇಲೆ ದಪ್ಪ ಕೊಳವೆಯೊಳಗೆ ಇರುವ, ಬೆರಳುದ್ದದ ಪ್ಲಾಸ್ಟಿಕ್ ತುಂಡು ಅದು. "ಒಳಗೆ ಕೂದಲಿನಷ್ಟು ತಂತಿ ಕಾದಿರುತ್ತೆ. ಗಾಳಿ ಬಂದ್ರೆ ತಣ್ಣಗಾಗುತ್ತೆ. ಎಷ್ಟು ತಣ್ಣಗಾಯ್ತು ಅನ್ನೋದ್ರ ಮೇಲೆ ಎಷ್ಟು ಗಾಳಿ ಬಂತು ಅಂತ ಕಂಪ್ಯೂಟ್ರಿಗೆ ಹೇಳುತ್ತೆ. ಅದು ತಕ್ಕಷ್ಟು ಪೆಟ್ರೋಲ್ ಬಡಿಸುತ್ತೆ." ಇಷ್ಟು ಹೇಳಿ ಗ್ಯಾರೇಜಿನ ನೆಲ ತೋರಿಸುತ್ತಿದ್ದರು. ಅದು ಅವರ ತಾತನ ಕಾಲದಲ್ಲಿ ರಾಗಿ ಕಣವಾಗಿದ್ದ ಜಾಗ. "ನಮ್ ತಾತ ಇಲ್ಲೇ ಮೊರ ಹಿಡ್ಕೊಂಡು ಗಾಳಿ ಯಾವಾಗ ಬರುತ್ತೆ ಅಂತ ಕಾಯ್ತಿದ್ರು. ನಾನೂ ಅದೇ ಗಾಳಿ ನೋಡ್ತಾ ಕೂತಿದೀನಿ. ಬದಲಾಗಿದ್ದೇನು ಹೇಳಿ?"

ಮೂಗು ಕೆಟ್ಟಿದೆಯಾ ಅಂತ ತಿಳಿಯಲು ಅವರು ಮಾಡುತ್ತಿದ್ದ ಪರೀಕ್ಷೆ ಬಹಳ ಸರಳ. ಇಂಜಿನ್ ಓಡುತ್ತಿರುವಾಗಲೇ ಆ ಸೆನ್ಸರಿನ ಪ್ಲಗ್ ಕಿತ್ತುಬಿಡುವುದು. ಕಿತ್ತ ಮೇಲೆ ಇಂಜಿನ್ ಇನ್ನೂ ಹದಗೆಟ್ಟರೆ ಸೆನ್ಸರ್ ಸರಿಯಿದೆ ಅಂತ. ಕಿತ್ತ ಮೇಲೆ ಸುಧಾರಿಸಿದರೆ, ಇಷ್ಟು ಹೊತ್ತೂ ಅದು ಸುಳ್ಳು ಹೇಳುತ್ತಿತ್ತು ಅಂತ. "ಮೂಗು ಇಲ್ಲ ಅಂದ್ರೆ ಕಂಪ್ಯೂಟ್ರು ತನ್ನ ಅಂದಾಜಲ್ಲಿ ಹೇಗೋ ನಡೆಸ್ಕೊಂಡು ಹೋಗುತ್ತೆ ಸಾರ್. ಆದ್ರೆ ಇದ್ದೂ ಸುಳ್ಳು ಹೇಳಿದ್ರೆ ಅದನ್ನೇ ನಂಬುತ್ತೆ, ಪಾಪ."

ನಾನು ರಾಜಾಜಿನಗರದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಇಪ್ಪತ್ತೈದು ವರ್ಷ ಇದನ್ನೇ ಮಾಡಿ, ಈಗ ಎಲ್ಲೆಲ್ಲೂ ಏನೋ ತಪ್ಪಿದೆ ಅನ್ನಿಸುವ ಸ್ಥಿತಿಗೆ ಬಂದಿದ್ದೇನೆ. ಗ್ಯಾಸ್ ಆಫ್ ಮಾಡಿದ್ದೀವಾ ಅಂತ ನೋಡಲು ಅರ್ಧ ದಾರಿಯಿಂದ ಮನೆಗೆ ವಾಪಸ್ ಹೋಗಿದ್ದೇನೆ. ಅಲ್ಲಿ ಹೆಂಡತಿ ಅದೇ ಗ್ಯಾಸಿನ ಮೇಲೆ ದೋಸೆ ಹುಯ್ಯುತ್ತಿದ್ದಳು. ಇಂಥವನು ಸೆಕೆಂಡ್ ಹ್ಯಾಂಡ್ ಕಾರು ಕೊಂಡರೆ ಏನಾಗಬೇಕೋ ಅದೇ ಆಯಿತು. ಹದಿನೈದು ದಿನಕ್ಕೊಮ್ಮೆ ಮೇಷ್ಟ್ರ ಮುಂದೆ ನಿಂತು "ಒಂಥರಾ ಸದ್ದು" ಅನ್ನುತ್ತಿದ್ದೆ. ಅವರು ಅದನ್ನೂ ಗಂಭೀರವಾಗಿ ನೆಲದ ಮೇಲೆ ಬರೆಯುತ್ತಿದ್ದರು: 'ಒಂಥರಾ ಸದ್ದು.' ಒಮ್ಮೆ ಆ ಸದ್ದು ಡ್ಯಾಶ್‌ಬೋರ್ಡಿನ ಮೇಲಿದ್ದ ನನ್ನದೇ ಕನ್ನಡಕದ ಡಬ್ಬಿಯದಾಗಿತ್ತು. ಅದನ್ನು ನನ್ನ ಕೈಗೆ ಕೊಟ್ಟು, ಕಾದಿದ್ದ ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಹೇಳಿದರು: "ಈ ಸಾರ್‌ಗೆ ಚಿಂತೆ ಜಾಸ್ತಿ. ಆದ್ರೆ ಒಂದು ಗುಣ ನೋಡಿ, ಏನೂ ಮುಟ್ಟಲ್ಲ. ಮೊಬೈಲಲ್ಲಿ ವಿಡಿಯೋ ನೋಡ್ಕೊಂಡು ಕೈ ಹಾಕೋರ ಮಧ್ಯೆ ಇಂಥ ಓನರ್ ಸಿಗೋದು ಪುಣ್ಯ."

ನಲವತ್ತೊಂಬತ್ತು ವರ್ಷದಲ್ಲಿ ನನಗೆ ಅಷ್ಟು ಜನರ ಮುಂದೆ ಸಿಕ್ಕ ಹೊಗಳಿಕೆ ಬೇರೆ ಇಲ್ಲ. ಮನೆಗೆ ಬಂದು ಹೆಂಡತಿಗೂ ಹೇಳಿದೆ. "ಏನೂ ಮಾಡಲ್ಲ ಅಂದಿದ್ದನ್ನ ಹೊಗಳಿಕೆ ಅಂದ್ಕೊಂಡ್ರಲ್ರೀ" ಅಂದಳು.

ಗ್ಯಾರೇಜಿನಲ್ಲಿ ಅವರ ಜೊತೆ ಈರಣ್ಣ ಇದ್ದ. ಗದಗದ ಕಡೆಯವನು, ವೈರಿಂಗ್ ಕೆಲಸದವನು. ಇಬ್ಬರೂ ಕೂಡಿ ಇಪ್ಪತ್ತು ವರ್ಷವಾಗಿತ್ತು. ಮೇಷ್ಟ್ರಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಸಣ್ಣ ವೈರುಗಳ ಬಣ್ಣ ಕಾಣುತ್ತಿರಲಿಲ್ಲ. "ಕಿವಿ ನಂದು, ಕಣ್ಣು ಇವನದು" ಅನ್ನುತ್ತಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಇಬ್ಬರೂ ಕೈ ತೊಳೆದು, ಹಳೇ ಟೈರಿನ ಮೇಲೆ ಹಲಗೆಯಿಟ್ಟು, ಡಬ್ಬಿ ಬಿಚ್ಚಿ, ಮಾತಿಲ್ಲದೆ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಮೇಷ್ಟ್ರ ಮನೆಯ ಮುದ್ದೆ, ಸೊಪ್ಪಿನ ಸಾರು ಈರಣ್ಣನಿಗೆ. ಈರಣ್ಣನ ಮನೆಯ ಜೋಳದ ರೊಟ್ಟಿ, ಎಣ್ಣೆಗಾಯಿ ಮೇಷ್ಟ್ರಿಗೆ. "ನಿಮ್ಮ ಮುದ್ದಿ ನುಂಗಾಕ ಕಲಿಯೋದ್ರಾಗ ನನ್ನ ಅರ್ಧ ಆಯುಷ್ಯ ಹೋತ್ರೀ ಮಾಸ್ತರ" ಅನ್ನುತ್ತಿದ್ದ. "ಅಗೀಬೇಡ ಅಂತ ಮೊದಲನೇ ದಿನಾನೇ ಹೇಳಿದ್ನಲ್ಲೋ" ಅನ್ನುತ್ತಿದ್ದರು ಇವರು.

ಎರಡು ವರ್ಷದ ಹಿಂದೆ ಮೇಷ್ಟ್ರು ಮಗಳ ಬಾಣಂತನಕ್ಕೆಂದು ಒಂದು ವಾರ ಊರಲ್ಲಿರಲಿಲ್ಲ. ಆಗಲೇ ನನ್ನ ಕಾರಿನ ಮೂಗು ನಿಜವಾಗಿಯೂ ಸತ್ತಿತು. ಈರಣ್ಣನೇ ಹೊಸದು ತಂದು, ನನ್ನ ಕಣ್ಣೆದುರಿಗೇ ಅದರ ಡಬ್ಬಿ ಒಡೆದು, ತೆಗೆದು ಕೂರಿಸಿದ. ಗಾಡಿ ಸರಿಹೋಯಿತು. ಸರಿಹೋದ ಗಾಡಿಯನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ನಮ್ಮ ಮನೆ ಹೇರೋಹಳ್ಳಿಯ ಹೊಸ ಬಡಾವಣೆಯಲ್ಲಿ. ಆಗ ಪೈಪ್ ಹಾಕಲು ರಸ್ತೆ ಅಗೆದಿದ್ದರು. ಬಟ್ಟೆ ಒಣಹಾಕಿದರೆ ಸಂಜೆಗೆ ಎಲ್ಲವೂ ಒಂದೇ ಬಣ್ಣ. ಈ ಧೂಳೆಲ್ಲ ಹೊಸ ಮೂಗಿಗೆ ಹೋದರೆ ಏನು ಗತಿ ಅಂತ ಚಿಂತೆ ಹತ್ತಿತು. ಹಿಂದೆ ನನ್ನ ಬೈಕಿನಲ್ಲಿ ಸ್ಪಂಜಿನ ಏರ್ ಫಿಲ್ಟರ್ ಇತ್ತು. ಅದನ್ನು ಪೆಟ್ರೋಲಿನಲ್ಲಿ ತೊಳೆದು, ಎಣ್ಣೆಯಲ್ಲಿ ಅದ್ದಿ, ಹಿಂಡಿ ಹಾಕುವುದು ಭಾನುವಾರದ ಕೆಲಸ. ಧೂಳು ಎಣ್ಣೆಗೆ ಅಂಟಿಕೊಂಡು ಇಂಜಿನ್ ಉಳಿಯುತ್ತಿತ್ತು. ಕಾರಿನದು ಕಾಗದದ ಫಿಲ್ಟರ್ ಅನ್ನುವ ವ್ಯತ್ಯಾಸ ನನ್ನ ತಲೆಗೆ ಬರಲೇ ಇಲ್ಲ. ಒಂದು ಭಾನುವಾರ ಅದನ್ನು ಹೊರತೆಗೆದು, ಪೇಂಟ್ ಬ್ರಷ್ಷಿನಲ್ಲಿ ಇಂಜಿನ್ ಆಯಿಲ್ ಬಳಿದೆ. ಚಿಂತೆ ದೊಡ್ಡದಿತ್ತು. ಎರಡು ಕೋಟ್ ಬಳಿದೆ.

ಮೂರು ತಿಂಗಳಲ್ಲಿ ಕಾರು ಸಿಗ್ನಲ್ಲಿನಲ್ಲಿ ಏರಿಳಿಯುತ್ತಾ ಉಸಿರಾಡತೊಡಗಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಟೋಲ್‌ಗೇಟಿನ ಹತ್ತಿರ ಮೂರು ಸಲ ನಿಂತೇಹೋಯಿತು. ಹಿಂದಿನ ಆಟೋದವನು, "ಅಣ್ಣಾ, ಇಲ್ಲೇ ಸೈಟ್ ತಗೊಂಡ್ರಾ?" ಅಂದ. ನಾನು ಬಳಿದ ಎಣ್ಣೆಯೇ ಗಾಳಿಯ ಜೊತೆ ಹೋಗಿ ಮೂಗಿಗೆ ಮೆತ್ತಿದೆ ಅಂತ ಅಷ್ಟು ಹೊತ್ತಿಗೆ ನನಗೆ ಸುಮಾರಾಗಿ ಹೊಳೆದಿತ್ತು. ಆದರೆ ಏನೂ ಮುಟ್ಟದ ಓನರ್ ಅನ್ನಿಸಿಕೊಂಡವನು ಬ್ರಷ್ ಹಿಡಿದ ಕಥೆಯನ್ನು ಹೇಗೆ ಹೇಳುವುದು? ಹೊಸ ಫಿಲ್ಟರ್ ತಂದು ಹಾಕಿದೆ. ಡಬ್ಬದ ಒಳಗಡೆಯನ್ನು ಹಳೇ ಬನಿಯನ್ನಿನಿಂದ ತಿಕ್ಕಿ ತಿಕ್ಕಿ ಒರೆಸಿದೆ. ಎಣ್ಣೆ ಕುಡಿದ ಹಳೇ ಫಿಲ್ಟರನ್ನು ಪೇಪರಿನಲ್ಲಿ ಸುತ್ತಿ ಕಸದ ಆಟೋಗೆ ಕೊಟ್ಟೆ. "ಇದು ಹಸಿನಾ ಒಣನಾ ಸಾರ್?" ಅಂತ ಕಸದವರು ಕೇಳಿದರು. ಆ ಪ್ರಶ್ನೆಗೂ ನಾನು ನೇರವಾಗಿ ಉತ್ತರ ಕೊಡಲಿಲ್ಲ.

ಮಾರನೇ ದಿನ ಗ್ಯಾರೇಜಿಗೆ ಹೋದೆ. ಇನ್ನಿಬ್ಬರು ಗಿರಾಕಿಗಳು ಕೂತಿದ್ದರು. ಮೇಷ್ಟ್ರು ಚಕ್ರದ ಪಕ್ಕ ಕೂತು ಎಲ್ಲ ಬರೆದುಕೊಂಡರು. ಕೊನೆಗೆ, ರೂಢಿಗೆ ಕೇಳುವವರ ಹಾಗೆ ನಗುತ್ತಾ, "ಒಳಗೆ ಏನಾದ್ರೂ ಮುಟ್ಟಿದೀರಾ?" ಅಂದರು.

"ಛೇ, ನಾನಾ?" ಅಂದೆ.

'ಓನರ್ ಏನೂ ಮುಟ್ಟಿಲ್ಲ' ಅಂತ ಬರೆದು ಗೆರೆ ಎಳೆದರು.

ಇಂಜಿನ್ ಓಡುವಾಗ ಪ್ಲಗ್ ಕಿತ್ತರು. ಏದುಸಿರು ಬಿಡುತ್ತಿದ್ದ ಇಂಜಿನ್ ಸುಧಾರಿಸಿಕೊಂಡಿತು. ಸುಳ್ಳು ಹೇಳುತ್ತಿದ್ದುದು ಮೂಗೇ. ಈರಣ್ಣ ಅದನ್ನು ಬಿಚ್ಚಿ, ಬೆಳಕಿಗೆ ಹಿಡಿದು, "ತಂತಿ ಮ್ಯಾಲ ಎಣ್ಣಿ ಐತ್ರೀ ಮಾಸ್ತರ. ಸುಟ್ಟು ಕಂದಾಗೇತಿ" ಅಂದ. ಅವನೇ ಹೇಳಿದ. ಮುಚ್ಚಿಡುವ ಮನಸ್ಸಿದ್ದವನು ಹೇಳುತ್ತಿರಲಿಲ್ಲ ಅನ್ನುವುದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ನನ್ನನ್ನು ಬಿಟ್ಟು.

ಮೇಷ್ಟ್ರು ಭೂತಗನ್ನಡಿ ತರಿಸಿಕೊಂಡು ತಾವೇ ನೋಡಿದರು. ಫಿಲ್ಟರ್ ತೆಗೆದು ನೋಡಿದರು, ಹೊಸದು, ಒಣಗಿದೆ. ಡಬ್ಬ ನೋಡಿದರು, ಶುದ್ಧವಾಗಿದೆ. ಓನರ್ ಏನೂ ಮುಟ್ಟಿಲ್ಲ. ನೆಲದ ಮೇಲಿನ ಬರಹ ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ಆಮೇಲೆ ತಲೆಯೆತ್ತದೆ ಕೇಳಿದರು:

"ಈರಣ್ಣ, ಇದು ಹೊಸ ಪೀಸೇನಾ?"

"ಹೌದ್ರೀ. ಡಬ್ಬಿ ನಾನ ಒಡದೇನಿ."

"ಮೂರು ತಿಂಗಳ ಪೀಸಿಗೆ ಇಷ್ಟು ಕಲೆ ಹೇಗಪ್ಪಾ ಬರುತ್ತೆ? ಯಾವ್ದೋ ಹಳೇ ಗಾಡೀದು ಹಾಕಿಲ್ಲ ತಾನೇ?"

ಈರಣ್ಣ ನನ್ನ ಕಡೆ ನೋಡಿದ. ಡಬ್ಬಿ ಒಡೆದಾಗ ನಾನು ಅಲ್ಲೇ ಇದ್ದೆನಲ್ಲ. ನಾನು ನೆಲ ನೋಡಿದೆ. ಅಲ್ಲಿ ನನ್ನದೇ ಮಾತು ಬಿಳಿ ಅಕ್ಷರದಲ್ಲಿ ಬಿದ್ದಿತ್ತು.

"ಇಪ್ಪತ್ತು ವರ್ಷ ಆದ ಮ್ಯಾಲ, ಮಂದಿ ಮುಂದ ಕೇಳಿದ್ರಿ" ಅಂದ ಈರಣ್ಣ. ಗಲಾಟೆ ಮಾಡಲಿಲ್ಲ. ತಂತಿಗೆ ಸ್ಪ್ರೇ ಹೊಡೆದು ತೊಳೆದು, ಆರಿಸಿ, ಮತ್ತೆ ಕೂರಿಸಿ, ಪ್ಲಗ್ ಹಾಕಿ, ಇಂಜಿನ್ ಸರಿಯಾಗಿ ಓಡುವುದನ್ನು ನೋಡಿದ. ಸೋಪಿನ ಪುಡಿಯಲ್ಲಿ ಕೈ ತೊಳೆದ. ಇನ್ನೂ ಹನ್ನೆರಡೂವರೆ. ರೊಟ್ಟಿ ಡಬ್ಬಿಯನ್ನು ಬಿಚ್ಚದೆ ಹಾಗೇ ತನ್ನ ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಹೋದ.

"ಮೇಷ್ಟ್ರೇ" ಅಂದೆ ನಾನು. ಹೇಳಿಬಿಡಬೇಕು ಅಂತಲೇ ಬಾಯಿ ತೆರೆದಿದ್ದೆ.

"ನೀವು ಚಿಂತೆ ಮಾಡ್ಬೇಡಿ ಸಾರ್" ಅಂದರು, ಗೋಣಿಚೀಲ ಒದ್ದೆ ಮಾಡುತ್ತಾ. "ನಿಮ್ದೇನೂ ತಪ್ಪಿಲ್ಲ."

ಮಾರನೇ ದಿನ ಈರಣ್ಣ ಬರಲಿಲ್ಲ. ಅದರ ಮಾರನೇ ದಿನವೂ. ಕೆಂಗೇರಿಯ ಒಂದು ದೊಡ್ಡ ವರ್ಕ್‌ಶಾಪಿಗೆ ಸೇರಿದ ಅಂತ ಗೊತ್ತಾಯಿತು.

ಆಮೇಲಿನ ಒಂದೂವರೆ ವರ್ಷ ಮೇಷ್ಟ್ರು ಹೇಗೆ ಕುಗ್ಗಿದರೆಂದು ನಾನು ಹತ್ತಿರದಿಂದ ನೋಡಿದೆ. ಈಗಿನ ಕಾರುಗಳಲ್ಲಿ ವೈರಿಲ್ಲದ ಕೆಲಸ ಎಲ್ಲಿದೆ? ಕಿವಿ ಇತ್ತು, ಕಣ್ಣು ಹೋಗಿತ್ತು. ಯಾರಾದರೂ ವೈರಿಂಗ್ ತೊಂದರೆ ತಂದರೆ, "ಬೇರೆ ಕಡೆ ತೋರಿಸಿ" ಅನ್ನುತ್ತಿದ್ದರು. ಬೇರೆ ಕಡೆ ಹೋದವರು ಅಲ್ಲೇ ಉಳಿದರು. ನಾನು ಮಾತ್ರ ಇಲ್ಲದ ಕಾಯಿಲೆಗಳನ್ನು ಹೇಳಿಕೊಂಡು ಮತ್ತೆ ಮತ್ತೆ ಹೋಗುತ್ತಿದ್ದೆ. ಹೇಳಿಬಿಡೋಣ ಅಂತ ಹೋಗಿ, ವೈಪರ್ ನೋಡಿಸಿಕೊಂಡು ಬರುತ್ತಿದ್ದೆ. ಆ ವರ್ಷ ನನ್ನ ವೈಪರ್ ನೋಡಿದಷ್ಟು ಸಲ ವೈದ್ಯರು ನನ್ನನ್ನು ನೋಡಿಲ್ಲ.

ಒಂದು ಮಧ್ಯಾಹ್ನ ಹೋದಾಗ ಒಬ್ಬರೇ ಹಲಗೆಯ ಮುಂದೆ ಕೂತು ಊಟ ಮಾಡುತ್ತಿದ್ದರು. ಮನೆಯ ಡಬ್ಬಿಯ ಪಕ್ಕ ಖಾನಾವಳಿಯಿಂದ ಕಟ್ಟಿಸಿಕೊಂಡು ಬಂದ ರೊಟ್ಟಿ. ಮುರಿಯಲು ನೋಡಿದರು, ತುಂಡಾಗಿ ನೆಲಕ್ಕೆ ಬಿತ್ತು. "ಅವನ ಮನೇದು ಇಷ್ಟು ಗಟ್ಟಿ ಇರ್ತಿರ್ಲಿಲ್ಲ" ಅಂದರು, ನನಗಲ್ಲ, ರೊಟ್ಟಿಗೆ.

ಅಲ್ಲೇ ನಿಂತು ಹೇಳಿದೆ. ಬ್ರಷ್ಷು, ಎರಡು ಕೋಟು, ಬನಿಯನ್ನು, ಕಸದ ಆಟೋ, ಎಲ್ಲ.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಮೂರೇ ಪ್ರಶ್ನೆ. "ಯಾವ ಎಣ್ಣೆ? ಹೊಸದಾ, ಬಳಸಿದ್ದಾ? ಹಿಂಡ್ದೆ ಹಂಗೇ ಹಾಕಿದ್ರಾ?" ಉತ್ತರ ಕೇಳುವಾಗ ಅವರ ಮುಖದಲ್ಲಿ ಒಂದು ಕ್ಷಣ ಆ ಹಳೆಯ ಬೆಳಕು, ಕಳ್ಳ ಸಿಕ್ಕಿದಾಗಿನದು, ಬಂದು ಹೋಯಿತು. ಅದು ಹೋದ ಮೇಲೆ ನೋಡಲಾಗಲಿಲ್ಲ.

"ಡಬ್ಬ ಕನ್ನಡಿ ಇದ್ದಂಗಿತ್ತು" ಅಂದರು. "ಹೇರೋಹಳ್ಳಿ ಗಾಡಿ, ಒಳಗೆ ಒಂದು ಚೂರು ಧೂಳಿಲ್ಲ. ನನಗೆ ಅಲ್ಲೇ ಹೊಳೀಬೇಕಿತ್ತು." ಆಮೇಲೆ ಕೈ ತೊಳೆದು ಬಂದರು. "ಪ್ಲಗ್ ಎರಡಿತ್ತು ಸಾರ್. ನಾನು ಅವನದೊಂದೇ ಕಿತ್ತು ನೋಡ್ದೆ. ನಿಮ್ದು ಕೀಳಲೇ ಇಲ್ಲ. ಯಾಕಂದ್ರೆ ನಿಮ್ಮನ್ನ ನಾನೇ ಹೊಗಳಿದ್ನಲ್ಲ."

"ಕ್ಷಮಿಸಿ" ಅಂದೆ.

"ನನ್ನ ಹತ್ರ ಅಲ್ಲ. ಅವನ ಹತ್ರ ಹೋಗಿ ಹೇಳಿ. ಒಬ್ಬರಿಗೇ ಆಗಲ್ಲ ಅಂದ್ರೆ ನಾನೂ ಬರ್ತೀನಿ. ಈ ಭಾನುವಾರ?"

ಆಗಲಿ ಅಂದೆ. ಆ ಭಾನುವಾರ ಹೆಂಡತಿಯ ಚಿಕ್ಕಪ್ಪನ ಮಗಳ ಗೃಹಪ್ರವೇಶ ಇದೆ ಅಂತ ಫೋನ್ ಮಾಡಿದೆ. ಗೃಹಪ್ರವೇಶ ನಿಜವಾಗಿಯೂ ಇತ್ತು. ಬೆಳಿಗ್ಗೆ ಎಂಟಕ್ಕೇ ಮುಗಿದಿತ್ತು. ಮುಂದಿನ ಭಾನುವಾರ ಮಳೆ ಬರುವ ಹಾಗಿದೆ ಅಂದೆ. ಅದರ ಮುಂದಿನದಕ್ಕೆ ನನಗೆ ಜ್ವರ ಅಂದೆ. ಥರ್ಮಾಮೀಟರ್ ಇಟ್ಟು ನೋಡಿಕೊಂಡೆ, ಇರಲಿಲ್ಲ. "ಆಯ್ತು ಸಾರ್, ಹುಷಾರು" ಅಂದರು ಮೇಷ್ಟ್ರು. ಇನ್ನೊಂದು ಸಲ ಅವರು ಕೇಳಲಿಲ್ಲ. ನಾನೂ ಗ್ಯಾರೇಜಿನ ಆ ಅಡ್ಡರಸ್ತೆ ಬಿಟ್ಟು ಗೋವಿಂದರಾಜನಗರದ ಮೇಲೆ ಆಫೀಸಿಗೆ ಹೋಗತೊಡಗಿದೆ.

ಹೋದ ತಿಂಗಳು, ಒಂದು ಗುರುವಾರ, ಎದೆನೋವು ಅಂದವರು ಆಸ್ಪತ್ರೆ ತಲುಪುವ ಮುಂಚೆಯೇ ಹೋದರು. ನಾನು ಹೋದಾಗ ಮನೆಯ ಮುಂದೆ ಸೌದೆ ಹಚ್ಚಿದ್ದರು, ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಮಂಚದ ಮೇಲೆ ಅವರ ಕಿವಿ ಬರಿದಾಗಿತ್ತು. ಸೌದೆಯ ಪಕ್ಕ ಈರಣ್ಣ ಕೂತಿದ್ದ. ನಾನು ಕೈ ಮುಗಿದು, ಅವನು ತಲೆಯೆತ್ತುವ ಮೊದಲೇ ಶಾಮಿಯಾನದ ಆ ಕಡೆಯಿಂದ ಹೊರಟುಬಿಟ್ಟೆ.

ಮೂರು ವಾರ ನಿದ್ದೆ ಸರಿಯಾಗಿ ಬರಲಿಲ್ಲ. ನಾಲ್ಕನೇ ವಾರ ಕೆಂಗೇರಿಗೆ ಹೋದೆ.

ಅದು ಗಾಜಿನ ಬಾಗಿಲಿನ ವರ್ಕ್‌ಶಾಪು. ನೆಲ ಬೂದು ಬಣ್ಣ ಹಚ್ಚಿಸಿಕೊಂಡು ಹೊಳೆಯುತ್ತಿತ್ತು, ಚಾಕ್‌ಪೀಸ್ ಹತ್ತುವಂಥದ್ದಲ್ಲ. ಈರಣ್ಣ ಸಮವಸ್ತ್ರದಲ್ಲಿದ್ದ. ನನ್ನನ್ನು ನೋಡಿ ಗುರುತು ಹಿಡಿದ.

"ಏನ್ ಸರ, ಇಷ್ಟ್ ದೂರ ಬಂದ್ರಿ? ಮಾಸ್ತರ ಹೋದ್ರಲ್ರೀ."

"ಹೂಂ ಈರಣ್ಣ."

"ಒಂದ್ ಭಾನುವಾರ ಮನಿಗೆ ಬಂದಿದ್ರು. ಒಬ್ರ, ಬಸ್ಸಿನಾಗ. ತಪ್ಪು ನಂದು, ನಿನ್ನ ಪೀಸು ಹೊಸದೇ, ನಾನೇ ಸರಿಯಾಗಿ ನೋಡ್ಲಿಲ್ಲ ಅಂದ್ರು. ನನ್ನ ಹೆಂಡ್ತಿ ಕೈಯಾಗ ನಾಕ್ ರೊಟ್ಟಿ ಕೇಳಿ ಕಟ್ಟಿಸ್ಕೊಂಡು ಹೋದ್ರು. ಬಂದ್ಬಿಡೋ ಅಂದಿದ್ರು. ಈ ತಿಂಗಳು ಇಲ್ಲೆ ಮುಗಿಸಿ ಬರ್ತೀನ್ರೀ ಅಂದಿದ್ದೆ." ಅವನು ಕೈಯನ್ನು ಸಮವಸ್ತ್ರಕ್ಕೆ ಒರೆಸಿಕೊಂಡ. "ಹತ್ತ ದಿನ ಉಳಿದಿತ್ತು ನೋಡ್ರಿ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನೆಪ ಹೇಳಿ ನಾನು ಕಳೆದದ್ದು ಮೂರು ಭಾನುವಾರ.

"ಎಣ್ಣೆ ಹೇಗೆ ಬಂತು ಅಂತ ಹೇಳಿದ್ರಾ?" ಅಂತ ಕೇಳಿದೆ.

"ಕೇಳ್ದೆ. ಅದು ನಾ ಹೇಳೋದಲ್ಲ ಅಂದ್ರು. ನನಗ ಇನ್ನೂ ತಿಳಿದಿಲ್ಲ." ಜೇಬಿನಿಂದ ಪೆನ್ನು ತೆಗೆದ. ಗಾಡಿಯ ದೂರು ಬರೆದುಕೊಳ್ಳುವ ಜಾಬ್ ಕಾರ್ಡನ್ನು ನಿಂತುಕೊಂಡೇ ಬರೆಯಬಹುದಿತ್ತು. ಅವನು ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ. "ಇರ್ಲಿ, ಗಾಡಿಗೆ ಏನಾಗೇತಿ? ಒಳಗ ಏನರ ಮುಟ್ಟೀರೇನು?"

ಅಲ್ಲಿಂದ ವಾಪಸ್ ಬರಲು ದಾರಿ ಇತ್ತು. ವೈಪರ್ ಅಂದಿದ್ದರೆ ಸಾಕಿತ್ತು. ಅವರಿಬ್ಬರ ಮಧ್ಯದ್ದನ್ನು ಮೇಷ್ಟ್ರು ಆಗಲೇ ತಮ್ಮ ಹೆಗಲ ಮೇಲೆ ಹಾಕಿಕೊಂಡು ಮುಗಿಸಿ ಹೋಗಿದ್ದರು. ನನ್ನ ಹೆಸರನ್ನು ಎಲ್ಲೂ ಬರೆದಿರಲಿಲ್ಲ.

"ಮುಟ್ಟಿದೀನಿ ಈರಣ್ಣ" ಅಂದೆ. "ಈಗಲ್ಲ. ಎರಡು ವರ್ಷದ ಹಿಂದೆ."

ಪೆನ್ನು ಕಾಗದದ ಮೇಲೆ ನಿಂತಿತು. ಅವನು ತಲೆಯೆತ್ತಿ ನನ್ನನ್ನು ನೋಡಿದ, ನಾನು ಡಬ್ಬಿಯ ಮಾತು ಹೇಳಲಿ ಅಂತ ಅವತ್ತು ನೋಡಿದ ಹಾಗೆಯೇ. ಈ ಸಲ ನಾನು ನೆಲ ನೋಡಲಿಲ್ಲ. ಕ್ಷಮಿಸುವ ಮುಖವಾಗಿರಲಿಲ್ಲ ಅದು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಕಿವಿಯ ಮೇಲೆ ಸಿಕ್ಕಿಸಿಕೊಂಡ.

"ಹೇಳ್ರಿ" ಅಂದ. "ಮೊದಲಿಂದ ಹೇಳ್ರಿ."